ಕಪ್ಪು ಬಿಯರಿನ ಬೀಫ್ ಸ್ಟ್ಯೂ: ಕಹಿಯಾಗದಂತೆ ಮಾಡುವುದು ಹೇಗೆ?

ಮೊದಲ ಸಲ ಈ ಸ್ಟ್ಯೂ ಮಾಡಿದಾಗ ಬಾಣಂತಿಗೆ ಕೊಡುವ ಕಷಾಯದ ಹಾಗಾಗಿತ್ತು. ಗೋವಾದ ವಾಸ್ಕೋದ ನಮ್ಮ ಮನೆಯಲ್ಲಿ ಆ ರಾತ್ರಿ ಎಲ್ಲರೂ ಆಮ್ಲೆಟ್ ಪಾವ್ ತಿಂದು ಮಲಗಿದರು. ಸ್ಟೌಟ್ ಅನ್ನುವ ಕಪ್ಪು ಬಿಯರ್ ಎರಡು ಕ್ಯಾನ್ ಸುರಿದು, ದೊಡ್ಡ ಉರಿಯಲ್ಲಿ ಬತ್ತಿಸಿದ್ದೆ. ಸ್ಟೌಟ್ ಕಪ್ಪಗಿರುವುದು ಕಾಫಿ ಬೀಜದಂತೆ ಹುರಿದ ಬಾರ್ಲಿಯಿಂದ. ಆ ಕಹಿಯ ಜೊತೆ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿಯೂ ಇರುತ್ತದೆ. ಸಾರು ಬತ್ತಿದಷ್ಟೂ ಎರಡೂ ಜಾಸ್ತಿಯಾಗುತ್ತವೆ.

ಹಾಗಾಗಿ ಲೆಕ್ಕ ಇಷ್ಟು: 1 ಕೆಜಿ ಮಾಂಸಕ್ಕೆ 330 ಮಿಲಿಯ ಒಂದೇ ಕ್ಯಾನ್ ಸ್ಟೌಟ್, ಎರಡು ಲೋಟ ನೀರು. ದೊಡ್ಡ ಈರುಳ್ಳಿ 4, ಕ್ಯಾರೆಟ್ 3, ಆಲೂಗಡ್ಡೆ 3, ಬೆಳ್ಳುಳ್ಳಿ 6 ಎಸಳು, ಪಲಾವ್ ಎಲೆ 2, ಸ್ವಲ್ಪ ಕಾಳುಮೆಣಸು, ಒಂದು ಚಮಚ ಟೊಮೆಟೊ ಪೇಸ್ಟ್. ಬೆಲ್ಲ, ವಿನೆಗರ್ ಕೈಯಳತೆಗೆ ಇರಲಿ.

ಮಾಂಸ ಕೊಳ್ಳುವಾಗ ಮೆತ್ತಗಿನದು ಕೇಳಬೇಡಿ. ಮೊಣಕಾಲಿನ ಕೆಳಗಿನ, ನರ ಇರುವ ಭಾಗ ಬೇಕು. ಅಗ್ಗವೂ ಹೌದು. ಆ ನರದೊಳಗಿನ ಕೊಲಾಜೆನ್ ನಿಧಾನವಾಗಿ ಬೆಂದು ಜೆಲಟಿನ್ ಆಗುತ್ತದೆ, ಸಾರು ತುಟಿಗೆ ಅಂಟುತ್ತದೆ. ಗೋವಾದಲ್ಲಿ ಹಸು ಕಡಿಯುವುದಕ್ಕೆ 1978ರ ಕಾಯ್ದೆಯ ನಿಷೇಧವಿದೆ. ಅಂಗಡಿಯಲ್ಲಿ ಸಿಗುವುದು ಎತ್ತು ಅಥವಾ ಕೋಣದ ಮಾಂಸ. ಕೋಣದ್ದಾದರೆ ಬೇಯಲು ಇನ್ನಷ್ಟು ಹೊತ್ತು ಬೇಕು. ಹಾಗೇ, ಮಿಕ್ಕಿದ್ದನ್ನು ಡಬ್ಬಿ ಕಟ್ಟಿಕೊಂಡು ಬೆಳಗಾವಿ ಬಸ್ ಹತ್ತಬೇಡಿ. ಅಲ್ಲಿನ ಕಾನೂನು ಬೇರೆ.

ಎರಡಿಂಚಿನ ತುಂಡುಗಳನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ಮಾಂಸ ಹುರಿಯುವುದಿಲ್ಲ, ಬೇಯುತ್ತದೆ ಅಷ್ಟೇ. ಉಪ್ಪು ಸವರಿ, ಕಾದ ಎಣ್ಣೆಯಲ್ಲಿ ಐದಾರು ತುಂಡುಗಳಂತೆ ಹಾಕಿ, ಎಲ್ಲ ಬದಿಯೂ ಕಂದಾಗುವವರೆಗೆ ಬಿಡಿ. ಒಂದೇ ಸಲ ಎಲ್ಲ ತುಂಬಿದರೆ ನೀರು ಬಿಟ್ಟುಕೊಂಡು ಕೆಲಸ ಕೆಡುತ್ತದೆ.

ಮಾಂಸ ತೆಗೆದಿಟ್ಟು, ಅದೇ ಎಣ್ಣೆಗೆ ಉದ್ದಕ್ಕೆ ಹೆಚ್ಚಿದ ಈರುಳ್ಳಿ ಹಾಕಿ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಕು. ಇಲ್ಲಿ ಕಳ್ಳಾಟ ಆಡಬೇಡಿ. ಕಹಿಗೆ ಎದುರು ನಿಲ್ಲುವುದು ಈ ಈರುಳ್ಳಿಯ ಸಿಹಿಯೇ. ಬೆಲ್ಲ ಬರೀ ಸಹಾಯಕ್ಕೆ. ಆಮೇಲೆ ಬೆಳ್ಳುಳ್ಳಿ, ಟೊಮೆಟೊ ಪೇಸ್ಟ್ ಹಾಕಿ ಎರಡು ನಿಮಿಷ ಬಾಡಿಸಿ. ಬಿಯರನ್ನು ನಿಧಾನವಾಗಿ ಹುಯ್ಯಿರಿ, ನೊರೆ ಉಕ್ಕುತ್ತದೆ. ನೊರೆ ಇಳಿದ ಮೇಲೆ ತಳಕ್ಕೆ ಹಿಡಿದದ್ದನ್ನು ಸೌಟಿನಿಂದ ಕೆರೆದು ಬಿಡಿಸಿ, ಮಾಂಸ, ನೀರು, ಪಲಾವ್ ಎಲೆ, ಕಾಳುಮೆಣಸು ಹಾಕಿ.

ದಪ್ಪ ತಳದ ಪಾತ್ರೆಯಾದರೆ ಮುಚ್ಚಳ ಮುಚ್ಚಿ ಎರಡೂವರೆಯಿಂದ ಮೂರು ಗಂಟೆ. ಗುಳ್ಳೆ ಆಗೊಂದು ಈಗೊಂದು ಏಳಬೇಕು, ಕೊತಕೊತ ಕುದಿಯಬಾರದು. ಅಷ್ಟು ಗ್ಯಾಸ್ ಸುಡಲು ಮನಸ್ಸಿಲ್ಲದಿದ್ದರೆ ಕುಕ್ಕರ್: ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 35 ನಿಮಿಷ, ಒತ್ತಡ ತಾನಾಗಿ ಇಳಿಯಲಿ. ನಾನು ಕುಕ್ಕರಿನ ಕಡೆಯವಳೇ. ಆದರೆ ತರಕಾರಿಯನ್ನು ಅದರಲ್ಲಿ ಹಾಕಬೇಡಿ, ಮುದ್ದೆಯಾಗುತ್ತದೆ. ಮಾಂಸ ಬೆಂದ ಮೇಲೆ ಹಾಕಿ ಇಪ್ಪತ್ತು ನಿಮಿಷ ಬೇಯಿಸಿದರೆ ಸಾಕು.

ಸಾರು ಗಟ್ಟಿಯಾಗಲು ಬೆಲ್ಜಿಯಂನ ಫ್ಲಾಂಡರ್ಸ್ ಕಡೆಯವರ ಉಪಾಯ ನನಗಿಷ್ಟ. ಬಿಯರಿನಲ್ಲಿ ಬೇಯಿಸುವ ಅವರ ಕಾರ್ಬೊನಾಡ್‌ಗೆ ಸಾಸಿವೆ ಪೇಸ್ಟ್ ಹಚ್ಚಿದ ಬ್ರೆಡ್ ತುಂಡು ಹಾಕುತ್ತಾರೆ. ಅದು ಕರಗಿ ಸಾರಿನಲ್ಲಿ ಸೇರಿಹೋಗುತ್ತದೆ. ನಾನು ಬೆಳಿಗ್ಗೆ ಸೈಕಲ್ಲಿನ ಪೋದೇರ್, ಅಂದರೆ ಬ್ರೆಡ್ ಮಾರುವವನು, ಕೊಟ್ಟುಹೋದ ಗೋವಾದ ಬ್ರೆಡ್ ಪೊಯ್ಯಿಯ ಅರ್ಧ ಹಾಕುತ್ತೇನೆ. ಮೈದಾಕ್ಕಿಂತ ಎಷ್ಟೋ ವಾಸಿ.

ಕೊನೆಗೆ ರುಚಿ ನೋಡಿ. ಕಹಿ ಅನ್ನಿಸಿದರೆ ಒಂದು ಚಮಚ ಬೆಲ್ಲ. ಭಾರ ಅನ್ನಿಸಿದರೆ ಗೋವಾದ ತೆಂಗಿನ ಶೇಂದಿಯ ವಿನೆಗರ್ ಅರ್ಧ ಚಮಚ. ಉಪ್ಪೂ ಆಗಲೇ ಸರಿಮಾಡಿ.

ಬೇಯಿಸಿದರೆ ಮದ್ಯವೆಲ್ಲ ಹಾರಿಹೋಗುತ್ತದೆ ಅನ್ನುತ್ತಾರಲ್ವಾ? ಪೂರ್ತಿ ಹೋಗುವುದಿಲ್ಲ. ಎರಡೂವರೆ ಗಂಟೆ ಬೆಂದ ಮೇಲೂ ಹಾಕಿದ್ದರಲ್ಲಿ ಸುಮಾರು ಶೇ 5ರಷ್ಟು ಉಳಿಯುತ್ತದೆ. ಕುಕ್ಕರಿನ ಮುಚ್ಚಳದೊಳಗೆ ಹಾರುವುದು ಇನ್ನೂ ಕಡಿಮೆ. ಮಕ್ಕಳಿಗೆ ಬಿಯರ್ ಇಲ್ಲದೆ ಬೇರೆಯೇ ಮಾಡಿ.

ಆ ದಿನವೇ ತಿನ್ನುವ ಅವಸರ ಬೇಡ. ಆರಿಸಿ ಫ್ರಿಜ್ಜಿನಲ್ಲಿಡಿ. ಮರುದಿನ ಮೇಲೆ ಹೆಪ್ಪುಗಟ್ಟಿದ ಕೊಬ್ಬು ತೆಗೆದು ಬಿಸಿಮಾಡಿ, ಉಳಿದ ಪೊಯ್ಯಿ ಅದ್ದಿಕೊಂಡು ತಿನ್ನಿ.