ಮೈಸೂರು, ಬೆಂಗಳೂರು ಕಡೆಯ ನೆಂಟರು ಬಂದಾಗ ಇದನ್ನು ಮೊದಲೇ ಹೇಳಿಬಿಡಿ

ದಾವಣಗೆರೆಯಲ್ಲಿ ‘ತಿಂಡಿಗೆ ಒಗ್ಗರಣೆ’ ಅಂದರೆ ಆ ಕಡೆಯವರು ಪೆಚ್ಚಾಗುತ್ತಾರೆ. ಅವರಿಗೆ ಒಗ್ಗರಣೆ ಅಂದರೆ ಸಾರಿಗೆ ಹಾಕುವ ಸಾಸಿವೆ, ಕರಿಬೇವು ಅಷ್ಟೇ; ನಮಗೆ ಅದು ಮಂಡಕ್ಕಿ ನೆನೆಸಿ, ಒಗ್ಗರಣೆ ಹಾಕಿ ಮಾಡುವ ತಿಂಡಿ. ನಮ್ಮ ಮಂಡಕ್ಕಿ ಅವರಿಗೆ ಕಡ್ಲೆಪುರಿ, ಹುಬ್ಬಳ್ಳಿಯವರಿಗೆ ಚುರುಮುರಿ. ಮೈಸೂರಲ್ಲಿ ಚುರುಮುರಿ ಕೇಳಿದರೆ ಈರುಳ್ಳಿ, ಕ್ಯಾರೆಟ್ ತುರಿ ಕಲಸಿದ ಪೊಟ್ಟಣ ಕೈಗೆ ಬರುತ್ತದೆ! ಬೆಣ್ಣೆ ಖಾಲಿ ದೋಸೆಯನ್ನೂ ವಿವರಿಸಿ: ಖಾಲಿ ಅಂದರೆ ದೋಸೆ ಮುಗಿದಿದೆ ಅಂತಲ್ಲ, ಒಳಗೆ ಪಲ್ಯ ಇಲ್ಲ ಅಂತ. ಸಾಂಬಾರ್‌ಗೆ ಕಾಯುವುದೂ ಬೇಡ, ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯವೇ ಜೊತೆ.

ನಮ್ಮ ಒಗ್ಗರಣೆ ಮಂಡಕ್ಕಿಯನ್ನಂತೂ ಮಾತಿಗಿಂತ ತಟ್ಟೆಯಲ್ಲಿ ತೋರಿಸುವುದು ವಾಸಿ. ನಾಲ್ವರಿಗೆ 8 ದೊಡ್ಡ ಲೋಟ ಮಂಡಕ್ಕಿ ಸಾಕು. 3 ಚಮಚ ಎಣ್ಣೆಗೆ ಸಾಸಿವೆ, ಕಡಲೆಬೀಜ, ಕರಿಬೇವು, 5 ಹಸಿಮೆಣಸಿನಕಾಯಿ, 2 ಈರುಳ್ಳಿ, ಅರ್ಧ ಚಮಚ ಅರಿಶಿನ ಹಾಕಿ ಬಾಡಿಸಿ. ಒಗ್ಗರಣೆ ಪೂರ್ತಿ ಸಿದ್ಧವಾದ ಮೇಲೆಯೇ ಮಂಡಕ್ಕಿ ನೆನೆಸಬೇಕು. ಎಲ್ಲರೂ ಎಡವುವುದು ಇಲ್ಲೇ: ಮೊದಲೇ ನೆನೆಸಿಟ್ಟರೆ ಮುದ್ದೆಯಾಗುತ್ತದೆ. ನೀರಲ್ಲಿ ಅದ್ದಿ, 10 ಸೆಕೆಂಡಿಗೇ ತೆಗೆದು, ಎರಡೂ ಅಂಗೈಯಲ್ಲಿ ಒತ್ತಿ ಹಿಂಡಿ, ಒಗ್ಗರಣೆಗೆ ಹಾಕಿ ಕಲಸಿ. ಮಂಡಕ್ಕಿಯಲ್ಲೇ ಉಪ್ಪಿರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಿ. ಒಲೆ ಆರಿಸಿದ ಮೇಲೆ 4 ಚಮಚ ಹುರಿಗಡಲೆ ಪುಡಿ ಉದುರಿಸಿ, ಉಳಿದ ತೇವ ಅದು ಹೀರಿಕೊಂಡು ಮಂಡಕ್ಕಿ ಬಿಡಿಬಿಡಿಯಾಗುತ್ತದೆ. ನಿಂಬೆರಸ ಕೊನೆಗೆ.

ಪಕ್ಕಕ್ಕೆ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಇರಲೇಬೇಕು. ಖಾರ ತಡೆಯದ ನೆಂಟರಿದ್ದರೆ ಮೆಣಸಿನಕಾಯಿ ಸೀಳಿ ಬೀಜ ತೆಗೆದು ಕರಿಯಿರಿ.