ಹೆಬ್ಬಾವಿನ ಬಾಣಂತನ: ನನ್ನ ಅನುಭವ

ನನ್ನ ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಚಿಕ್ಕ ಜಾತಿಯ ಹೆಬ್ಬಾವು) ಮೊದಲ ಸಲ ಮೊಟ್ಟೆ ಇಟ್ಟಾಗ ನಾನು ದಿನಕ್ಕೆ ನಾಲ್ಕು ಸಲ ಮೊಟ್ಟೆಯ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದೆ. ಅದರಿಂದ ಆದ ನಷ್ಟವನ್ನು ಆಮೇಲೆ ಹೇಳುತ್ತೇನೆ. ಮೊದಲು ತಕ್ಕಡಿಯ ವಿಷಯ.

ಹೆಣ್ಣು ಕನಿಷ್ಠ 1,500 ಗ್ರಾಂ ತೂಗುವ ತನಕ ಗಂಡಿನ ಜೊತೆ ಬಿಡಬಾರದು. ಆ ತೂಕ ಬರಲು ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಗಂಡಿಗೆ 600–700 ಗ್ರಾಂ ಆದರೆ ಸಾಕು. ನನ್ನ ಹೆಣ್ಣು 1,450 ಇದ್ದಾಗಲೇ ನನಗೆ ಕೈ ತುರಿಸುತ್ತಿತ್ತು. ಆದರೂ ಇನ್ನೊಂದು ವರ್ಷ ಸುಮ್ನೆ ಕಾದೆ. ಜೋಡಿ ಮಾಡುವಾಗ ಅವಳು 1,850 ಇದ್ದಳು. ಮೊಟ್ಟೆ ಇಟ್ಟ ಮೇಲೆ 1,230ಕ್ಕೆ ಇಳಿದಿದ್ದಳು. ಅಷ್ಟು ಕಳೆದುಕೊಳ್ಳಲು ಮೈಯಲ್ಲಿ ಏನಾದರೂ ಇರಬೇಕಲ್ವಾ?

ಗಂಡನ್ನು ಹುಡುಕುವಾಗ ಸ್ಪೈಡರ್ ಎಂಬ ಬಣ್ಣದ ತಳಿಯ ಒಂದು ಚಂದದ ಹಾವು ಸಿಕ್ಕಿತ್ತು. ಬೇಡ ಅಂದೆ. ಆ ಬಣ್ಣದ ಜೊತೆಗೇ ತಲೆ ಓಲಾಡುವ ನರದ ತೊಂದರೆಯೂ ಮರಿಗಳಿಗೆ ಬರುತ್ತದೆ. ಚಂದಕ್ಕಾಗಿ ಅಂಥ ಮರಿ ಹುಟ್ಟಿಸುವುದು ನನಗೆ ಸರಿ ಕಾಣಲಿಲ್ಲ.

ರಾತ್ರಿಯ ಶಾಖವನ್ನು ನಿಧಾನಕ್ಕೆ 25 ಡಿಗ್ರಿಗೆ ಇಳಿಸಿದೆ, ಹಗಲಿನ ಬೆಚ್ಚನೆಯ ಮೂಲೆ ಮಾತ್ರ 32ರಲ್ಲೇ ಇತ್ತು. ಗಂಡನ್ನು ಹೆಣ್ಣಿನ ಪೆಟ್ಟಿಗೆಗೆ ಎರಡು ಮೂರು ದಿನ ಬಿಡುವುದು, ಮತ್ತೆ ತೆಗೆದು ಒಂದು ವಾರ ಬಿಡುವು ಕೊಡುವುದು. ಹೀಗೇ ಮೂರು ತಿಂಗಳು ನಡೆಯಿತು. ಬಾಲಕ್ಕೆ ಬಾಲ ಹೆಣೆದುಕೊಂಡು ಮಲಗಿದ್ದರೆ ಕೆಲಸ ಆಗುತ್ತಿದೆ ಎಂದರ್ಥ. ಆಗ ಮುಟ್ಟಬೇಡಿ.

ಒಂದು ಬೆಳಿಗ್ಗೆ ನೋಡಿದರೆ ಅವಳ ನಡುಮೈ ದೊಡ್ಡ ಇಲಿ ನುಂಗಿದ ಹಾಗೆ ಊದಿತ್ತು. ಊಟ ಕೊಟ್ಟೇ ಇರಲಿಲ್ಲ! ಮಾರನೆಯ ದಿನ ಊತ ಇಳಿದಿತ್ತು. ಹೊಟ್ಟೆಯೊಳಗೆ ಅಂಡಗಳು ಬಿಡುಗಡೆಯಾಗುವ ಹೊತ್ತು ಅದು. ಸುಮಾರು ಮೂರು ವಾರಕ್ಕೆ ಪೊರೆ ಬಿಟ್ಟಳು. ಆ ಪೊರೆಯ ದಿನವನ್ನು ಬರೆದಿಟ್ಟುಕೊಳ್ಳಿ, ಅಲ್ಲಿಂದ ಸುಮಾರು 30 ದಿನಕ್ಕೆ ಮೊಟ್ಟೆ. ಈ ದಿನಗಳಲ್ಲಿ ಅವಳು ಊಟ ಬಿಟ್ಟು, ಕೆಲವು ಸಲ ಹೊಟ್ಟೆ ಮೇಲೆ ಮಾಡಿ ಮಲಗುತ್ತಿದ್ದಳು. ಮೊದಲ ಸಲ ನೋಡಿ ಸತ್ತೇ ಹೋದಳು ಅಂದುಕೊಂಡಿದ್ದೆ.

ಪೊರೆ ಬಿಟ್ಟ 31ನೇ ದಿನ ಬೆಳಿಗ್ಗೆ ಅವಳು ಬಿಗಿಯಾಗಿ ಸುರುಳಿ ಸುತ್ತಿ ಕೂತಿದ್ದಳು, ಸಂದಿಯಲ್ಲಿ ಬಿಳಿ ಕಾಣಿಸಿತು. ತಾಯಿಯೇ ಕಾವು ಕೂರಲಿ ಎಂದು ಬಿಡಬಹುದು. ಬರ್ಮೀಸ್ ಹೆಬ್ಬಾವು ಮೈ ನಡುಗಿಸಿ ತಾನೇ ಶಾಖ ಹುಟ್ಟಿಸುತ್ತದೆ, ಬಾಲ್ ಪೈಥಾನ್‌ಗೆ ಅದು ಬರುವುದಿಲ್ಲ. ಸುತ್ತಿಕೊಂಡು ತೇವ ಕಾಯುತ್ತದೆ, ಅಷ್ಟೇ. ನಾನು ಇನ್ಕ್ಯುಬೇಟರ್‌ನಲ್ಲೇ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) ಇಡಲು ಮೊದಲೇ ತಯಾರಾಗಿದ್ದೆ.

ತಲೆಯ ಮೇಲೆ ಒಂದು ಬಟ್ಟೆ ಹಾಕಿ, ಬಾಲದ ಕಡೆಯಿಂದ ಸುತ್ತು ಬಿಡಿಸುತ್ತಾ ಬಂದೆ. ಬಿಡಿಸಿದಷ್ಟೂ ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಕಚ್ಚಲಿಲ್ಲ, ಆದರೆ ಮೊಟ್ಟೆಯನ್ನು ಬಿಟ್ಟುಕೊಡಲೂ ಇಲ್ಲ. ಇನ್ನೊಬ್ಬರು ಅವಳನ್ನು ಎತ್ತಿ ಹಿಡಿದ ಮೇಲೆ ಕೈಗೆ ಬಂದವು ಏಳು. ಒಂದು ಚಿಕ್ಕದು, ಹಳದಿ, ಮೇಣದ ಹಾಗೆ ಇತ್ತು. ಅದು ಗೊಡ್ಡು ಮೊಟ್ಟೆ. ಉಳಿದ ಆರು ಬಿಳಿ, ಬೆಚ್ಚಗೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಟಿದ್ದನ್ನು ಎಳೆದು ಬಿಡಿಸಲು ಹೋದರೆ ಸಿಪ್ಪೆ ಹರಿಯುತ್ತದೆ. ಗೊಂಚಲಾಗಿಯೇ ಇಟ್ಟೆ.

ಕೋಳಿ ಮೊಟ್ಟೆಯ ಹಾಗೆ ಇವನ್ನು ಹೊರಳಿಸಬಾರದು. ಭ್ರೂಣ ಮೇಲಿನ ಬದಿಗೆ ಅಂಟಿಕೊಳ್ಳುತ್ತದೆ, ತಿರುಗಿಸಿದರೆ ಸಾಯಬಹುದು. ಹಾಗಾಗಿ ಎತ್ತುವ ಮೊದಲೇ ಪ್ರತಿ ಮೊಟ್ಟೆಯ ನೆತ್ತಿಯ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿದ್ದೆ. ಕತ್ತಲಲ್ಲಿ ಟಾರ್ಚ್ ಹಿಡಿದರೆ ಒಳಗೆ ಕೆಂಪು ರಕ್ತನಾಳಗಳ ಜಾಲ ಕಂಡಿತು. ಎಷ್ಟು ಸಲ ನೋಡಿದೆನೋ!

ನನ್ನ ಇನ್ಕ್ಯುಬೇಟರ್ ಅಂದರೆ ದಪ್ಪ ಥರ್ಮೋಕೋಲ್ ಡಬ್ಬಿ, ತಳದಲ್ಲಿ ಹೀಟಿಂಗ್ ಪಟ್ಟಿ, ಶಾಖ ಹಿಡಿದಿಡಲು ನೀರು ತುಂಬಿದ ಬಾಟಲಿಗಳು, ಶಾಖವನ್ನು ಒಂದೇ ಮಟ್ಟದಲ್ಲಿಡುವ ಒಂದು ಥರ್ಮೋಸ್ಟಾಟ್. ಅದರೊಳಗೆ ಮೊಟ್ಟೆಯ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯಲ್ಲಿ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಹರಳು), ತೂಕಕ್ಕೆ ತೂಕ ನೀರು. ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಶಾಖ 31.5 ಡಿಗ್ರಿ.

ಈಗ ಆ ತಪ್ಪಿಗೆ ಬರುತ್ತೇನೆ. ಪದೇ ಪದೇ ಮುಚ್ಚಳ ತೆಗೆದು ತೇವವೆಲ್ಲ ಹೋಯಿತು. ಎರಡನೇ ವಾರಕ್ಕೆ ಮೊಟ್ಟೆಗಳು ನೆಗ್ಗಿದವು. ಗಾಬರಿಯಲ್ಲಿ ಮೇಲಿನಿಂದಲೇ ನೀರು ಚಿಮುಕಿಸಿದೆ. ಐದು ದಿನಕ್ಕೆ ಅಂಚಿನ ಒಂದು ಮೊಟ್ಟೆಗೆ ಬೂಷ್ಟು ಹಿಡಿಯಿತು, ರಕ್ತನಾಳಗಳು ಮಾಯವಾದವು. ನೀರನ್ನು ಡಬ್ಬಿಯ ಬದಿಯಿಂದ ವರ್ಮಿಕ್ಯುಲೈಟ್‌ಗೆ ಮಾತ್ರ ಹಾಕಬೇಕಿತ್ತು, ಅದೂ ಬೆಚ್ಚಗಿನದು. ಹಾಗೆ ಮಾಡಿದ ಮೇಲೆ ಉಳಿದ ಐದೂ ಮೊಟ್ಟೆ ಮೂರು ದಿನದಲ್ಲಿ ಮತ್ತೆ ತುಂಬಿಕೊಂಡವು. ಆಮೇಲೆ ಗಾಳಿಯಾಡಲೆಂದು ವಾರಕ್ಕೊಮ್ಮೆ ಮಾತ್ರ ತೆಗೆದೆ.

ಇನ್ನೊಂದು ಸಲ ಥರ್ಮೋಸ್ಟಾಟ್‌ನ ಸೆನ್ಸರ್ ಜಾರಿ ಡಬ್ಬಿಯ ಹೊರಗೆ ಬಿದ್ದಿತ್ತು. ಹೊರಗಿನ ತಂಪಿಗೆ ಅದು ಹೀಟರನ್ನು ಓಡಿಸುತ್ತಲೇ ಇತ್ತು. ಒಳಗೆ ಬೇರೆ ಥರ್ಮಾಮೀಟರ್ ಇಟ್ಟಿದ್ದಕ್ಕೆ 33.5ರಲ್ಲೇ ಗೊತ್ತಾಯಿತು. ಶಾಖ ಇನ್ನೂ ಏರಿದ್ದರೆ ಮರಿಗಳ ಬೆನ್ನು ಡೊಂಕಾಗಬಹುದಿತ್ತು, ಸಾಯಲೂಬಹುದಿತ್ತು. ಈಗ ಸೆನ್ಸರನ್ನು ಟೇಪ್ ಹಾಕಿ ಅಂಟಿಸಿಬಿಡುತ್ತೇನೆ.

ಕೊನೆಯ ವಾರಗಳಲ್ಲಿ ಮೊಟ್ಟೆ ಮತ್ತೆ ನೆಗ್ಗುತ್ತದೆ. ಆಗ ಹೆದರಬೇಕಿಲ್ಲ. 58ನೇ ದಿನ ಒಂದರಲ್ಲಿ ಬ್ಲೇಡಿನಿಂದ ಕೊಯ್ದಂಥ ಸೀಳು, ಅದರಾಚೆ ಒಂದು ಪುಟ್ಟ ಮೂತಿ. ಮೂತಿಯ ತುದಿಯ ಚಿಕ್ಕ ಹಲ್ಲಿನಿಂದಲೇ ಸೀಳುತ್ತವೆ. ನಾನು ಹತ್ತಿರ ಹೋದರೆ ಒಳಗೆ, ಹಿಂದೆ ಸರಿದರೆ ಹೊರಗೆ. ಹೀಗೆ ಒಂದು ದಿನಕ್ಕೂ ಹೆಚ್ಚು ಕೂತಿರುತ್ತವೆ, ಉಳಿದ ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಾ. ಎಳೆದು ತೆಗೆಯಬೇಡಿ.

ತಾಯಿಯನ್ನು ಅಷ್ಟರಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೆಟ್ಟಿಗೆಯ ಹಾಸನ್ನೆಲ್ಲ ಬದಲಿಸಿದ್ದೆ. ಮೊಟ್ಟೆಯ ವಾಸನೆ ಇದ್ದರೆ ಕಾವು ಕೂತವಳ ಹಾಗೆ ಊಟ ಬಿಟ್ಟೇ ಇರುತ್ತಾಳೆ. ವಾರದಲ್ಲಿ ತಿಂದಳು.

ಮರಿಗಳು ಹತ್ತು ದಿನಕ್ಕೆ ಮೊದಲ ಪೊರೆ ಬಿಟ್ಟವು. ಆಮೇಲೆಯೇ ಊಟ. ನಾಲ್ಕು ಮರಿ ಮೊದಲ ಸಲವೇ ಇಲಿಮರಿ ಹಿಡಿದವು. ಐದನೆಯದು ಮೂರು ವಾರ ಮೂತಿ ತಿರುಗಿಸಿತು. ದೊಡ್ಡ ಪೆಟ್ಟಿಗೆ ಕೊಟ್ಟಿದ್ದೇ ತಪ್ಪು. ಅಂಗೈ ಅಗಲದ ಡಬ್ಬಿಗೆ ಹಾಕಿ, ಕಾಗದ ಮುದುರಿ ಅಡಗಲು ಜಾಗ ಮಾಡಿ, ಬೆಚ್ಚಗೆ ಮಾಡಿದ ಇಲಿಮರಿಯನ್ನು ಬಾಗಿಲಲ್ಲಿಟ್ಟು ದೀಪ ಆರಿಸಿದೆ. ಬೆಳಿಗ್ಗೆ ಇಲಿಮರಿ ಇರಲಿಲ್ಲ, ಹಾವಿನ ಹೊಟ್ಟೆ ಉಬ್ಬಿತ್ತು.