ಬಿಜಿಎಂಐ ಸೆನ್ಸಿಟಿವಿಟಿ: ಗೋಡೆಗೆ ಬಿದ್ದ ಗುಂಡಿನ ಗುರುತು ನೋಡಿ ಹದ ಮಾಡಿಕೊಳ್ಳುವುದು ಹೇಗೆ?

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಫೋನ್ ಆಟದಲ್ಲಿ ಎದುರಾಳಿ ಕಂಡ. ಮೂರು ಪಟ್ಟು ದೊಡ್ಡದಾಗಿ ತೋರಿಸುವ 3ಎಕ್ಸ್ ಸ್ಕೋಪ್ ತೆರೆದು ಎಂ416 ಬಂದೂಕಿನ ಫೈರ್ ಬಟನ್ ಒತ್ತಿದಿರಿ. ಮೊದಲ ನಾಲ್ಕು ಗುಂಡು ಮೈಗೆ ತಾಗಿದವು, ಉಳಿದವು ತಲೆಯ ಮೇಲಿಂದ ಹಾರಿಹೋದವು. ಈ ಬಂದೂಕಿನ 30 ಗುಂಡು ಖಾಲಿಯಾಗುವುದಕ್ಕೆ ಸುಮಾರು ಎರಡೂವರೆ ಸೆಕೆಂಡು ಸಾಕು. ಅಷ್ಟರೊಳಗೆ ನೀವು ಪಂದ್ಯದಿಂದ ಹೊರಬಿದ್ದು ಲಾಬಿಗೆ ವಾಪಸ್. ಆಗ ಹೆಚ್ಚಿನವರು ಯಾವುದಾದರೂ ಯೂಟ್ಯೂಬರ್‌ನ ಸೆನ್ಸಿಟಿವಿಟಿ (ಬೆರಳು ಎಳೆದಷ್ಟಕ್ಕೆ ಗುರಿ ಎಷ್ಟು ಸರಿಯಬೇಕೆಂಬ ಅಳತೆ) ಕೋಡ್ ಹುಡುಕಿ ಹಾಕಿಕೊಳ್ಳುತ್ತಾರೆ. ಎರಡು ದಿನ ಚೆನ್ನಾಗಿದೆ ಅನ್ನಿಸುತ್ತದೆ. ಮೂರನೇ ದಿನ ಮತ್ತೆ ಅದೇ ಕಥೆ.

ಆ ಕೋಡ್ ಕೆಟ್ಟದ್ದೇನಲ್ಲ. ಅವರ ಫೋನಿನ ಅಗಲ, ಅವರ ಎಫ್‌ಪಿಎಸ್ (ಪರದೆಯಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ), ಅವರು ಬಟನ್ ಇಟ್ಟುಕೊಂಡ ಜಾಗ, ಅವರು ಎರಡು ಹೆಬ್ಬೆರಳಲ್ಲಿ ಆಡುತ್ತಾರೋ ನಾಲ್ಕು ಬೆರಳಲ್ಲಿ ಆಡುತ್ತಾರೋ, ಇವೆಲ್ಲ ಸೇರಿ ಆ ಸಂಖ್ಯೆಗಳು ಹುಟ್ಟಿವೆ. ಬೇರೆಯವರ ಅಳತೆಗೆ ಹೊಲಿದ ಅಂಗಿ ನಮ್ಮ ಹೆಗಲಿಗೆ ಕೂರಬೇಕೆಂದೇನಿಲ್ಲ. ನಿಮ್ಮ ಗುರಿ ಯಾವ ಕ್ಷಣದಲ್ಲಿ ತಪ್ಪುತ್ತಿದೆ ಎಂದು ಗುರುತಿಸಿ, ಆ ಕ್ಷಣಕ್ಕೆ ಸಂಬಂಧಪಟ್ಟ ಒಂದೇ ಸ್ಲೈಡರ್ ಅನ್ನು ಸ್ವಲ್ಪ ಸ್ವಲ್ಪವೇ ಬದಲಿಸಬೇಕು. ಇದಕ್ಕೆ ಟ್ರೈನಿಂಗ್ ಗ್ರೌಂಡ್‌ನಲ್ಲಿ ಒಂದು ಗೋಡೆ ಮತ್ತು ಸುಮಾರು ಒಂದು ಗಂಟೆ ಇದ್ದರೆ ಸಾಕು.

ಮೊದಲು ಫೋನ್, ಆಮೇಲೆ ಸೆನ್ಸಿ

ಸೆನ್ಸಿಟಿವಿಟಿಗೆ ಕೈಹಾಕುವ ಮೊದಲು ಫ್ರೇಮ್ ರೇಟ್, ಅಂದರೆ ಎಫ್‌ಪಿಎಸ್, ಸ್ಥಿರವಾಗಿರಬೇಕು. ಗ್ರಾಫಿಕ್ಸ್ ವಿಭಾಗದಲ್ಲಿ 'ಸ್ಮೂತ್' ಆರಿಸಿ, ನಿಮ್ಮ ಫೋನ್ ಏದುಸಿರು ಬಿಡದೆ ನಡೆಸಬಲ್ಲ ಫ್ರೇಮ್ ರೇಟ್ ಇಡಿ. 'ಎಕ್ಸ್‌ಟ್ರೀಮ್' ಎಂದರೆ 60 ಎಫ್‌ಪಿಎಸ್. ಅದಕ್ಕಿಂತ ಮೇಲಿನ 90, 120 ಕೆಲವು ಫೋನುಗಳಲ್ಲಿ ಮಾತ್ರ ಸಿಗುತ್ತವೆ. 30 ಎಫ್‌ಪಿಎಸ್‌ನಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 33 ಮಿಲಿಸೆಕೆಂಡ್ ಅಂತರ, 60ರಲ್ಲಿ ಸುಮಾರು 17, 90ರಲ್ಲಿ 11. ಅಂತರ ಬದಲಾದರೆ ಅದೇ ಬೆರಳೋಟ ಬೇರೆಯೇ ಅನುಭವ ಕೊಡುತ್ತದೆ. ಹತ್ತು ನಿಮಿಷ 90ರಲ್ಲಿ ಓಡಿ, ಬಿಸಿಯಾಗಿ, ಆಮೇಲೆ 50ಕ್ಕೆ ಕುಸಿಯುವ ಫೋನಿಗಿಂತ ಕೊನೆಯತನಕ 60ರಲ್ಲೇ ನಿಲ್ಲುವ ಫೋನ್ ಒಳ್ಳೆಯದು. ಪವರ್ ಸೇವರ್ ಆಫ್ ಮಾಡಿ, ಬ್ರೈಟ್‌ನೆಸ್ ಪೂರ್ತಿ ಏರಿಸಬೇಡಿ, ಚಾರ್ಜಿಗೆ ಹಾಕಿಕೊಂಡು ಆಡಬೇಡಿ. ಚಾರ್ಜಿಂಗ್‌ನಿಂದ ಫೋನ್ ಕಾಯುತ್ತದೆ, ಕೇಬಲ್ಲು ಕೈ ಎಳೆಯುತ್ತದೆ.

ಪರದೆಯ ಮೇಲ್ಮೈಯನ್ನೂ ಒಮ್ಮೆ ನೋಡಿ. ಅಂಚು ಎದ್ದ ಟೆಂಪರ್ಡ್ ಗ್ಲಾಸ್ ಇದ್ದರೆ ಬೆರಳು ಅಲ್ಲೇ ತಡೆಯುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವೆತ ಹೆಬ್ಬೆರಳು ಒಮ್ಮೆ ಅಂಟುತ್ತದೆ, ಇನ್ನೊಮ್ಮೆ ಜಾರುತ್ತದೆ. ಹೀಗಿರುವಾಗ ಯಾವ ಸಂಖ್ಯೆ ಹಾಕಿದರೂ ನಿಲ್ಲುವುದಿಲ್ಲ. ಬಟ್ಟೆಯ ಫಿಂಗರ್ ಸ್ಲೀವ್ ಹಾಕಿಕೊಳ್ಳುವವರು ಅಭ್ಯಾಸಕ್ಕೂ ಪಂದ್ಯಕ್ಕೂ ಅದನ್ನೇ ಹಾಕಿಕೊಳ್ಳಲಿ.

ಬಟನ್‌ಗಳ ಲೇಔಟ್ ಕೂಡ ಈ ಹಂತದಲ್ಲೇ ಅಂತಿಮವಾಗಬೇಕು. ಸೆನ್ಸಿ ಕೂತ ಮೇಲೆ ಫೈರ್ ಬಟನ್ ಅನ್ನು ಅರ್ಧ ಇಂಚು ಸರಿಸಿದರೂ ಕೈ ಹೊಸದಾಗಿ ಕಲಿಯಬೇಕಾಗುತ್ತದೆ.

ನಾಲ್ಕು ಗುಂಪು, ನಾಲ್ಕು ಕೆಲಸ

ಸೆಟ್ಟಿಂಗ್ಸ್‌ನಲ್ಲಿ ಸೆನ್ಸಿಟಿವಿಟಿ ತೆರೆದರೆ ಸ್ಲೈಡರ್‌ಗಳ ಸಾಲು ನೋಡಿಯೇ ಗಾಬರಿಯಾಗುತ್ತದೆ. ಮುಖ್ಯವಾದ ಗುಂಪುಗಳು ನಾಲ್ಕೇ.

'ಕ್ಯಾಮೆರಾ' ಗುಂಪು ನೀವು ಗುಂಡು ಹಾರಿಸದೆ ಬೆರಳು ಎಳೆದಾಗ ಕೆಲಸ ಮಾಡುತ್ತದೆ. ಎದುರಾಳಿಯನ್ನು ಹುಡುಕುವುದು, ಅವನ ಮೇಲೆ ಕ್ರಾಸ್‌ಹೇರ್ (ಗುರಿಯ ಗುರುತು) ತಂದು ಕೂರಿಸುವುದು ಇದರ ಪಾಲಿನ ಕೆಲಸ. 'ಎಡಿಎಸ್' (ಏಮ್ ಡೌನ್ ಸೈಟ್, ಅಂದರೆ ಸ್ಕೋಪ್ ಮೂಲಕ ಗುರಿಯಿಡುವುದು) ಗುಂಪು ಗುಂಡು ಹಾರುತ್ತಿರುವಾಗ ಬೆರಳು ಎಳೆದರೆ ಕೆಲಸ ಮಾಡುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಹೆಸರು ನೋಡಿ ಇದು ಸ್ಕೋಪ್ ತೆರೆದಾಗಿನ ವೇಗ ಅಂದುಕೊಳ್ಳುತ್ತಾರೆ. ಸ್ಕೋಪ್ ತೆರೆದಿದ್ದರೂ ಗುಂಡು ಹಾರಿಸುವವರೆಗೆ ಕ್ಯಾಮೆರಾ ಗುಂಪಿನದ್ದೇ ಅಧಿಕಾರ. ಹಾಗಾಗಿ ಸ್ಪ್ರೇ (ಬಿಡದೆ ಹಾರಿಸುವ ಗುಂಡಿನ ಸುರಿಮಳೆ) ಮೇಲಕ್ಕೆ ಹೋಗುತ್ತಿದೆ ಎಂದು ಕ್ಯಾಮೆರಾ ಸ್ಲೈಡರ್ ಏರಿಸಿದರೆ ರಿಕಾಯಿಲ್ (ಬಂದೂಕಿನ ಒದೆತ) ಇದ್ದಲ್ಲೇ ಇರುತ್ತದೆ, ಗುರಿ ಹಿಡಿಯುವುದು ಮಾತ್ರ ಕೆಡುತ್ತದೆ.

ಉಳಿದೆರಡು ಗುಂಪು ಗೈರೊಸ್ಕೋಪ್‌ನವು. ಫೋನ್ ಬಾಗಿಸಿ ಗುರಿ ಸರಿಸುವವರಿಗೆ ಗುಂಡು ಹಾರಿಸದಾಗ 'ಗೈರೊಸ್ಕೋಪ್', ಹಾರಿಸುವಾಗ 'ಎಡಿಎಸ್ ಗೈರೊಸ್ಕೋಪ್'. ಕಣ್ಣಿನ ಚಿತ್ರದ ಬಟನ್ ಒತ್ತಿ ಸುತ್ತ ನೋಡುವ ಫ್ರೀ ಲುಕ್ ಸ್ಲೈಡರ್‌ಗಳಿಗೂ ಗುರಿಗೂ ಸಂಬಂಧವಿಲ್ಲ. ಅವನ್ನು ಇದ್ದ ಹಾಗೇ ಬಿಡಿ.

ಶುರುಮಾಡುವ ಸಂಖ್ಯೆಗಳು

ಎಲ್ಲಿಂದಾದರೂ ಶುರುಮಾಡಲೇಬೇಕಲ್ಲ. ಗೈರೊ ಬಳಸದವರು ಕ್ಯಾಮೆರಾ ಗುಂಪಿನಲ್ಲಿ ಸ್ಕೋಪ್ ಇಲ್ಲದಾಗ ಶೇ 100, ದೊಡ್ಡದು ಮಾಡದೆ ಗುರಿಯ ಗುರುತಷ್ಟೇ ತೋರಿಸುವ ರೆಡ್ ಡಾಟ್ ಮತ್ತು ಹೋಲೊಗೆ ಶೇ 55, 2ಎಕ್ಸ್‌ಗೆ 40, 3ಎಕ್ಸ್‌ಗೆ 28, 4ಎಕ್ಸ್‌ಗೆ 20, 6ಎಕ್ಸ್‌ಗೆ 14, 8ಎಕ್ಸ್‌ಗೆ 10 ಇಟ್ಟುಕೊಳ್ಳಿ. ಎಡಿಎಸ್ ಗುಂಪಿಗೂ ಸದ್ಯಕ್ಕೆ ಇವೇ ಇರಲಿ.

ಸ್ಕೋಪ್ ದೊಡ್ಡದಾದಂತೆ ಸಂಖ್ಯೆ ಇಳಿಯುವುದಕ್ಕೆ ಕಾರಣವಿದೆ. 4ಎಕ್ಸ್‌ನಲ್ಲಿ ಎಲ್ಲವೂ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ, ಬೆರಳಿನ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. 100 ಮೀಟರ್ ದೂರದ ಗುರಿಗೆ ಒಂದು ಡಿಗ್ರಿ ತಪ್ಪಿದರೆ ಗುಂಡು ಸುಮಾರು 1.75 ಮೀಟರ್ ಪಕ್ಕಕ್ಕೆ ಬೀಳುತ್ತದೆ, ಅಂದರೆ ಒಂದಾಳುದ್ದ. ಅರ್ಧ ಡಿಗ್ರಿ ತಪ್ಪಿದರೂ ಮೈಗೆ ತಾಗುವುದಿಲ್ಲ. ಅದಕ್ಕೇ 6ಎಕ್ಸ್, 8ಎಕ್ಸ್ ಸ್ಲೈಡರ್‌ಗಳನ್ನು ಒಂದೊಂದೇ ಅಂಕಿ ಸರಿಸಬೇಕು. ರೆಡ್ ಡಾಟ್‌ಗೆ ಐದೈದು ಅಂಕಿ ಸರಿಸಿದರೂ ನಡೆಯುತ್ತದೆ.

ಇನ್ನೊಂದು ಕೆಲಸ ಬಾಕಿ ಇದೆ. ಬೇಸಿಕ್ ಸೆಟ್ಟಿಂಗ್‌ನಲ್ಲಿ ಏಮ್ ಅಸಿಸ್ಟ್ ಆಫ್ ಮಾಡಿ. ಆಟವೇ ಗುರಿಯನ್ನು ಎಳೆದುಕೊಡುತ್ತಿದ್ದರೆ ತಪ್ಪು ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ಹದ ಸಿಕ್ಕ ಮೇಲೆ ಮತ್ತೆ ಆನ್ ಮಾಡಿಕೊಳ್ಳಬಹುದು.

ಬೆರಳಿನ ಅಳತೆ: ಅರ್ಧ ಸುತ್ತು

ಟ್ರೈನಿಂಗ್ ಗ್ರೌಂಡ್‌ಗೆ ಹೋಗಿ ಒಂದು ಗೋಡೆಗೆ ಮುಖ ಮಾಡಿ ನಿಲ್ಲಿ. ಬಲ ಹೆಬ್ಬೆರಳನ್ನು ಸಹಜವಾಗಿ ಇಡುವ ಜಾಗದಿಂದ ಪರದೆಯ ಅಂಚಿನವರೆಗೆ ಒಂದೇ ಸಲ ಎಳೆಯಿರಿ. ಪಾತ್ರ ಪೂರ್ತಿ ಹಿಂದಕ್ಕೆ, ಅಂದರೆ 180 ಡಿಗ್ರಿ ತಿರುಗಬೇಕು. ಅರ್ಧಕ್ಕೇ ನಿಂತರೆ ಸ್ಕೋಪ್ ಇಲ್ಲದ ಕ್ಯಾಮೆರಾ ಸ್ಲೈಡರ್ ಅನ್ನು 10 ಏರಿಸಿ, ದಾಟಿ ಹೋದರೆ 10 ಇಳಿಸಿ. ಹತ್ತು ಸಲದಲ್ಲಿ ಎಂಟು ಸಲವಾದರೂ ಬೆನ್ನ ಹಿಂದಿನ ಗುರುತಿಗೆ ಸರಿಯಾಗಿ ಬಂದು ನಿಂತರೆ ಸಾಕು.

ಆಮೇಲೆ ರೆಡ್ ಡಾಟ್ ತೆರೆದು ಒಂದು ಕಂಬದ ಮೇಲೆ ಚುಕ್ಕಿ ಇಟ್ಟು ಎಡಬಲಕ್ಕೆ ನಡೆಯಿರಿ. ಚುಕ್ಕಿ ಕಂಬದ ಮೇಲೇ ಇರಬೇಕು. ಹಿಂದೆ ಬೀಳುತ್ತಿದ್ದರೆ ಸಂಖ್ಯೆ ಕಡಿಮೆಯಾಯಿತು. ಕಂಬ ದಾಟಿ ಆಚೆ ಈಚೆ ಒದ್ದಾಡುತ್ತಿದ್ದರೆ ಹೆಚ್ಚಾಯಿತು.

ಗೋಡೆ ಓದುವುದು

ಎಡಿಎಸ್ ಹದ ಮಾಡುವ ಈ ಕೆಲಸಕ್ಕೇ ಹೆಚ್ಚು ಹೊತ್ತು ಕೊಡಿ. ಎಂ416 ತೆಗೆದುಕೊಳ್ಳಿ, ಸ್ಕೋಪ್ ಬಿಟ್ಟು ಬೇರೆ ಅಟ್ಯಾಚ್‌ಮೆಂಟ್ (ಬಂದೂಕಿಗೆ ಸಿಕ್ಕಿಸುವ ಬಿಡಿಭಾಗ) ಏನೂ ಹಾಕಬೇಡಿ. ಬರಿಯ ಬಂದೂಕಿನಲ್ಲಿ ಹದ ಮಾಡಿಕೊಂಡರೆ ಒದೆತ ತಗ್ಗಿಸುವ ಕಾಂಪೆನ್ಸೇಟರ್ ಸಿಕ್ಕಾಗ ಕೈ ಹಗುರಾಗುತ್ತದೆ. ಎಲ್ಲ ಹಾಕಿಕೊಂಡೇ ಹದ ಮಾಡಿದರೆ ಪಂದ್ಯದ ಆರಂಭದಲ್ಲಿ ಖಾಲಿ ಬಂದೂಕು ಹಿಡಿದು ಪರದಾಡಬೇಕಾಗುತ್ತದೆ. ಮ್ಯಾಪ್‌ನಲ್ಲಿ ಮಾರ್ಕರ್ ಇಟ್ಟರೆ ದೂರ ಮೀಟರಿನಲ್ಲಿ ಕಾಣುತ್ತದೆ; ಗೋಡೆಯಿಂದ ಸುಮಾರು 30 ಮೀಟರ್ ದೂರ ನಿಲ್ಲಿ. ರೆಡ್ ಡಾಟ್ ತೆರೆದು, ಗೋಡೆಯ ಮೇಲೊಂದು ಬಿಂದು ಆರಿಸಿ, ನಿಂತಲ್ಲೇ 30 ಗುಂಡನ್ನೂ ಒಂದೇ ಉಸಿರಿಗೆ ಹಾರಿಸಿ. ಹಾರುತ್ತಿರುವಾಗ ಪಂದ್ಯದಲ್ಲಿ ಎಳೆಯುವ ಹಾಗೇ ಬೆರಳನ್ನು ಕೆಳಗೆ ಎಳೆಯಿರಿ. ಗುರುತುಗಳು ಮಾಸುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಇದನ್ನು ಐದು ಸಲ ಮಾಡಿ, ಐದೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಸಲದ ಗುರುತು ನಂಬಿ ಸ್ಲೈಡರ್ ಮುಟ್ಟಬಾರದು.

ಗುರುತುಗಳು ಏಣಿಯ ಹಾಗೆ ಮೇಲಕ್ಕೆ ಹೋಗಿದ್ದರೆ ನಿಮ್ಮ ಎಳೆತ ಸಾಲುತ್ತಿಲ್ಲ. ರೆಡ್ ಡಾಟ್‌ನ ಎಡಿಎಸ್ 5 ಏರಿಸಿ. ಬಿಂದುವಿಗಿಂತ ಕೆಳಗೆ ಇಳಿದಿದ್ದರೆ 5 ತಗ್ಗಿಸಿ. ಮೊದಲ 12–15 ಗುಂಡು ಒಂದೇ ಕಡೆ ಕೂತು ಆಮೇಲೆ ಒಮ್ಮೆಲೇ ಮೇಲಕ್ಕೆ ಹಾರಿದ್ದರೆ ಬೆರಳಿಗೆ ಎಳೆಯಲು ಜಾಗ ಮುಗಿದಿದೆ ಎಂದರ್ಥ, ಹೆಬ್ಬೆರಳು ಪರದೆಯ ಕೆಳ ಅಂಚು ಮುಟ್ಟಿರುತ್ತದೆ. ಇಂಥ ಕಡೆ ಸಂಖ್ಯೆ ಏರಿಸುವುದಕ್ಕಿಂತ ಫೈರ್ ಬಟನ್ ಅನ್ನು ಸ್ವಲ್ಪ ಮೇಲಕ್ಕೆ ಸರಿಸುವುದು ಉತ್ತಮ. ಲೇಔಟನ್ನು ಮತ್ತೆ ಮುಟ್ಟುವುದಕ್ಕೆ ಇದೊಂದೇ ಸರಿಯಾದ ಕಾರಣ, ಅದನ್ನೂ ಇಲ್ಲೇ ಮುಗಿಸಿಬಿಡಿ. ಒಂದು ಸಲ ಮೇಲೆ, ಒಂದು ಸಲ ಕೆಳಗೆ ಎಂದು ಐದೂ ಚಿತ್ರ ಬೇರೆಬೇರೆಯಾಗಿದ್ದರೆ ದೋಷ ಕೈಯದ್ದು. ಸ್ಲೈಡರ್ ಮುಟ್ಟದೆ ಇನ್ನೂ ಇಪ್ಪತ್ತು ಮ್ಯಾಗಜೀನ್ ಖಾಲಿ ಮಾಡಿ.

ಎಡಬಲಕ್ಕೆ ಚೆಲ್ಲುವ ಗುರುತುಗಳ ವಿಷಯ ಬೇರೆ. ಅಡ್ಡ ರಿಕಾಯಿಲ್ ಯಾವ ಕಡೆಗೆ ತಿರುಗುತ್ತದೆಂದು ಮೊದಲೇ ಹೇಳಲಾಗದು, ಹಾಗಾಗಿ ಸೆನ್ಸಿಟಿವಿಟಿಯಿಂದ ಅದನ್ನು ಪೂರ್ತಿ ಹಿಡಿಯಲಾಗುವುದಿಲ್ಲ. ಅದಕ್ಕೆ ಕಾಂಪೆನ್ಸೇಟರ್, ಆ್ಯಂಗಲ್ಡ್ ಗ್ರಿಪ್ ಅಥವಾ ಹಾಫ್ ಗ್ರಿಪ್ ಬೇಕು. ವರ್ಟಿಕಲ್ ಗ್ರಿಪ್ ಮೇಲೇರುವ ರಿಕಾಯಿಲ್ ಅನ್ನು ತಗ್ಗಿಸುತ್ತದೆ. ಎಕೆಎಂಗೆ ಗ್ರಿಪ್ ಹಾಕಲು ಜಾಗವೇ ಇಲ್ಲ. ಕುಳಿತು ಅಥವಾ ಮಲಗಿ ಹೊಡೆದರೆ ಎರಡೂ ಬಗೆಯ ಒದೆತ ಕಡಿಮೆಯಾಗುತ್ತದೆ, ಆದರೆ ಅಭ್ಯಾಸ ನಿಂತೇ ನಡೆಯಲಿ.

ರೆಡ್ ಡಾಟ್ ಕೂತ ಮೇಲೆ 50 ಮೀಟರ್‌ಗೆ ಸರಿದು 2ಎಕ್ಸ್, 3ಎಕ್ಸ್. 100 ಮೀಟರ್‌ಗೆ ಹೋಗಿ 4ಎಕ್ಸ್. ಪ್ರತಿ ಸ್ಕೋಪ್‌ಗೂ ಇದೇ ಐದು ಚಿತ್ರ, ಇದೇ ಓದು. 8ಎಕ್ಸ್‌ನಲ್ಲಿ ಸ್ಪ್ರೇ ಮಾಡುವವರು ಕಡಿಮೆ. ಅದಕ್ಕೆ ಕ್ಯಾಮೆರಾ ಸ್ಲೈಡರ್ ಸರಿಯಿದ್ದರೆ ಸಾಕು. ಕೊನೆಗೆ ಎಂ762 ಬಂದೂಕಿನಲ್ಲಿ ಒಮ್ಮೆ ಹೊಡೆದು ನೋಡಿ. ಅದರ ಒದೆತ ಜೋರು, ಗುರುತು ಮೇಲಕ್ಕೆ ಹೋಗಿಯೇ ಹೋಗುತ್ತದೆ. ಅದನ್ನು ನೋಡಿ ಎಂ416ಕ್ಕೆ ಕೂತ ಸಂಖ್ಯೆ ಬದಲಿಸಬೇಡಿ. ಸ್ಲೈಡರ್‌ಗಳು ಸ್ಕೋಪ್‌ಗೆ ತಕ್ಕಂತೆ ಇವೆ, ಒಂದೊಂದು ಬಂದೂಕಿಗೆ ಒಂದೊಂದು ಸಂಖ್ಯೆ ಕೊಡಲು ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ.

ಗೈರೊ ಬೇಕೆ?

ದೂರದ ಸ್ಪ್ರೇ ನಿಯಂತ್ರಣಕ್ಕೆ ಗೈರೊಗೆ ಸಾಟಿಯಿಲ್ಲ. ಬೆರಳಿಗೆ ಪರದೆಯ ಅಂಚು ಅಡ್ಡ ಬರುತ್ತದೆ, ಮಣಿಕಟ್ಟಿಗೆ ಅಂಥ ಅಂಚಿಲ್ಲ. ಆದರೆ ಕೈ ಪಳಗುವುದಕ್ಕೆ ವಾರಗಳೇ ಬೇಕು, ಆ ವಾರಗಳಲ್ಲಿ ಆಟ ಮೊದಲಿಗಿಂತ ಕೆಡುತ್ತದೆ. ಅಷ್ಟು ತಾಳ್ಮೆ ಇದ್ದರೆ ಮಾತ್ರ ಇಳಿಯಿರಿ.

ಫೋನಿನಲ್ಲಿ ನಿಜವಾದ ಗೈರೊಸ್ಕೋಪ್ ಸೆನ್ಸರ್ ಇದೆಯೇ ಎಂದು ಅದರ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ. ಅಗ್ಗದ ಕೆಲವು ಫೋನುಗಳಲ್ಲಿ ಅದು ಇರುವುದಿಲ್ಲ. ಬೇರೆ ಸೆನ್ಸರ್‌ಗಳಿಂದ ಲೆಕ್ಕ ಹಾಕಿ ತೋರಿಸುವ ಚಲನೆ ತಡವಾಗಿ, ಜರ್ಕ್ ಹೊಡೆಯುತ್ತ ಬರುತ್ತದೆ. ಸೆನ್ಸರ್ ಇದ್ದರೆ ಮೊದಲು 'ಸ್ಕೋಪ್ ಆನ್' ಆರಿಸಿ. ಸ್ಕೋಪ್ ತೆರೆದಾಗ ಮಾತ್ರ ಗೈರೊ ಕೆಲಸ ಮಾಡುವುದರಿಂದ ಓಡಾಟದಲ್ಲಿ ಗೊಂದಲವಾಗುವುದಿಲ್ಲ. ಒಗ್ಗಿದ ಮೇಲೆ 'ಆಲ್ವೇಸ್ ಆನ್'ಗೆ ಹೋಗಬಹುದು. ಎರಡೂ ಗೈರೊ ಗುಂಪಿಗೆ ರೆಡ್ ಡಾಟ್ ಶೇ 300, 2ಎಕ್ಸ್ 280, 3ಎಕ್ಸ್ 220, 4ಎಕ್ಸ್ 170, 6ಎಕ್ಸ್ 90, 8ಎಕ್ಸ್ 60 ಇಟ್ಟು ಶುರುಮಾಡಿ. ಇಲ್ಲಿ ಒಂದು ಹೆಜ್ಜೆ ಎಂದರೆ 10 ಅಂಕಿ.

ಗುಂಡು ಹಾರುವಾಗ ಫೋನಿನ ಮೇಲಂಚನ್ನು ನಿಮ್ಮಿಂದ ಆಚೆಗೆ ಮೆಲ್ಲಗೆ ಬಾಗಿಸಿದರೆ ಗುರಿ ಕೆಳಗಿಳಿಯುತ್ತದೆ. ಬಾಗಿಸುತ್ತ ಹೋಗಿ ಮ್ಯಾಗಜೀನ್ ಮುಗಿಯುವಾಗ ಪರದೆಯೇ ಸರಿಯಾಗಿ ಕಾಣದಂತಾದರೆ ಎಡಿಎಸ್ ಗೈರೊ ಕಡಿಮೆಯಾಯಿತು. ಸುಮ್ಮನೆ ಹಿಡಿದಾಗಲೂ ಉಸಿರಾಟಕ್ಕೆ ಚುಕ್ಕಿ ಅಲುಗಿದರೆ ಗುಂಡು ಹಾರಿಸದಾಗಿನ ಗೈರೊ ಹೆಚ್ಚಾಯಿತು. ಕೈ ಅಲುಗಿಸದಿದ್ದರೂ ಚುಕ್ಕಿ ತಾನಾಗಿ ಒಂದೇ ಕಡೆ ಜಾರುತ್ತಿದ್ದರೆ ಆಟ ಮುಚ್ಚಿ, ಫೋನನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ತಣಿಯಲು ಬಿಟ್ಟು ಮತ್ತೆ ತೆರೆಯಿರಿ. ಬಿಸಿಯಾದ ಸೆನ್ಸರ್ ಹೀಗೆ ಜಾರುವುದುಂಟು. ಮಲಗಿ, ಬಸ್ಸಿನಲ್ಲಿ ಕೂತು ಗೈರೊ ಅಭ್ಯಾಸ ಬೇಡ. ಪ್ರತಿದಿನ ಒಂದೇ ಕುರ್ಚಿ, ಮೊಣಕೈಗೆ ಒಂದೇ ಆಸರೆ ಇರಲಿ.

ಮುಟ್ಟಬಾರದ ಜಾಗಗಳು

ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಡಿಪಿಐ ಬದಲಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದನ್ನು ಮುಟ್ಟಿದರೆ ಇಡೀ ಫೋನಿನ ಅಕ್ಷರ, ಐಕಾನ್ ಗಾತ್ರ ಬದಲಾಗುತ್ತದೆ, ತಪ್ಪು ಸಂಖ್ಯೆ ಬಿದ್ದರೆ ವಾಪಸ್ ತರುವುದೇ ತಲೆನೋವು. 'ನೋ ರಿಕಾಯಿಲ್' ಎಂದು ಹಂಚುವ ಫೈಲುಗಳನ್ನು ಹಾಕಿಕೊಂಡರೆ ಖಾತೆಯೇ ಬ್ಯಾನ್ ಆಗುತ್ತದೆ. ವರ್ಷಗಟ್ಟಲೆ ಕಟ್ಟಿದ ಐಡಿ ಹೀಗೆ ಹೋಗುವುದು ನಿಜಕ್ಕೂ ಬೇಸರದ ಸಂಗತಿ.

ಫ್ರೀ ಫೈರ್ ಮ್ಯಾಕ್ಸ್ ಆಡುವವರಿಗೆ ಸ್ಲೈಡರ್‌ಗಳು ಕಡಿಮೆ. ಅಲ್ಲಿ 'ಜನರಲ್' ಒಂದನ್ನು ಅರ್ಧ ಸುತ್ತಿನ ಅಳತೆಯಲ್ಲಿ ಕೂರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಕಾಲ್ ಆಫ್ ಡ್ಯೂಟಿ ಮೊಬೈಲ್‌ನಲ್ಲಿ ರೊಟೇಷನ್ ಮೋಡ್ ಅನ್ನು 'ಫಿಕ್ಸ್ಡ್ ಸ್ಪೀಡ್'ಗೆ ಇಟ್ಟ ಮೇಲೆಯೇ ಅಳೆಯಲು ಹೊರಡಿ. ಇಲ್ಲವಾದರೆ ಬೆರಳಿನ ವೇಗಕ್ಕೆ ತಕ್ಕಂತೆ ತಿರುಗುವ ಕೋನವೂ ಬದಲಾಗಿ ಅಳತೆ ಸಿಗುವುದೇ ಇಲ್ಲ.

ಹದ ಸಿಕ್ಕ ಸಂಖ್ಯೆಗಳನ್ನು ಕ್ಲೌಡ್‌ಗೆ ಉಳಿಸಿ, ಒಂದು ಸ್ಕ್ರೀನ್‌ಶಾಟನ್ನೂ ತೆಗೆದಿಡಿ. ಏಮ್ ಅಸಿಸ್ಟ್ ಮತ್ತೆ ಆನ್ ಮಾಡಿ. ಆಮೇಲೆ ಕನಿಷ್ಠ ಒಂದು ವಾರ ಯಾವ ಸ್ಲೈಡರನ್ನೂ ಮುಟ್ಟಬೇಡಿ. ನಾಲ್ಕು ಪಂದ್ಯ ಸತತ ಸೋತರೂ ಅಷ್ಟೇ. ವಾರ ಕಳೆದ ಮೇಲೆ ಅದೇ ಗೋಡೆ, ಅದೇ 30 ಮೀಟರ್, ಅದೇ ಖಾಲಿ ಎಂ416 ಹಿಡಿದು ಐದು ಚಿತ್ರ ತೆಗೆದು ಹಳೆಯ ಐದರ ಪಕ್ಕ ಇಡಿ. ಗುರುತುಗಳ ಗುಂಪು ಕಿರಿದಾಗಿದ್ದರೆ ಸಂಖ್ಯೆಗಳನ್ನು ಹಾಗೇ ಬಿಡಿ. ಇನ್ನೂ ಒಂದೇ ದಿಕ್ಕಿಗೆ ವಾಲುತ್ತಿದ್ದರೆ ಆ ಒಂದು ಸ್ಲೈಡರ್‌ಗೆ ಎರಡೋ ಮೂರೋ ಅಂಕಿ ಸೇರಿಸಿ ಅಥವಾ ಕಳೆಯಿರಿ.